ಕರಾವಳಿಯ ವಸತಿ ಕಟ್ಟಡಗಳಲ್ಲಿ ಗ್ಯಾಸ್ ಪೈಪ್ ತಪಾಸಣೆ: ಮಾಲೀಕರಿಗೆ ಹಂತ ಹಂತದ ಮಾರ್ಗದರ್ಶಿ

ಗ್ಯಾಸ್ ಪೈಪ್ ತಪಾಸಣೆ ಮಾಡಿಸಿದ್ದೇವೆ ಎನ್ನುವ ಕಟ್ಟಡ ಮಾಲೀಕರನ್ನು ‘ಏನೇನು ನೋಡಿದಿರಿ’ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಒಲೆಯ ಹಿಂದೆ ಸಾಬೂನು ನೀರು ಹಚ್ಚಿದೆವು, ಗುಳ್ಳೆ ಬರಲಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಳಗಿನ ಸಿಲಿಂಡರ್ ಕೋಣೆಯಿಂದ ಮೂರನೇ ಮಹಡಿಯ ಅಡುಗೆಮನೆಯವರೆಗೆ ಗೋಡೆಯ ಮೇಲೆ ಹತ್ತಿಹೋಗುವ ಪೈಪನ್ನು ಯಾರೂ ನೋಡಿರುವುದಿಲ್ಲ. ಚೌತಿಗೆ ಮುಂಚೆ ಕಟ್ಟಡಕ್ಕೆ ಬಣ್ಣ ಬಳಿಯುವಾಗ ಪೈಪಿಗೂ ಒಂದು ಕೈ ಹಳದಿ ಬಣ್ಣ ಬಿದ್ದಿರುತ್ತದೆ. ಒಳಗಿನ ತುಕ್ಕು ಆ ಬಣ್ಣದ ಅಡಿಯಲ್ಲಿ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಟ್ಟಡಗಳಲ್ಲಿ ತಪಾಸಣೆ ವಿಫಲವಾಗುವುದು ಮುಖ್ಯವಾಗಿ ಕ್ರಮ ತಪ್ಪಿದ್ದರಿಂದ. ಬಣ್ಣ ಮೊದಲು, ನೋಟ ಆಮೇಲೆ. ಒಲೆ ಮೊದಲು, ಸಿಲಿಂಡರ್ ಆಮೇಲೆ. ಸ್ಪ್ಯಾನರ್ ಮೊದಲು, ಪುಸ್ತಕದಲ್ಲಿ ಬರೆಯುವುದು ಎಂದೂ ಇಲ್ಲ. ಈ ಬರಹ ಆ ಕ್ರಮವನ್ನು ಸರಿಪಡಿಸಲಿಕ್ಕೆ. ಕೆಳಗೆ ಸಿಲಿಂಡರ್ ಸಾಲು ಇಟ್ಟು, ಪೈಪಿನ ಮೂಲಕ ಪ್ರತಿ ಮನೆಗೂ ಎಲ್‌ಪಿಜಿ ಕೊಡುವ ಕಟ್ಟಡಗಳನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಪ್ರತಿ ಮನೆಯಲ್ಲೂ ಬೇರೆ ಬೇರೆ ಸಿಲಿಂಡರ್ ಇರುವ ಕಟ್ಟಡವಾದರೆ 2, 6 ಮತ್ತು 8ನೇ ಹಂತಗಳು ನಿಮಗೆ ಸಾಕು.

ಒಂದು ಮಾತು ಮೊದಲೇ ಸ್ಪಷ್ಟವಿರಲಿ. ನೋಡುವುದು, ಗುರುತು ಹಾಕುವುದು, ಬರೆದಿಡುವುದು, ಮಾಡಿಸುವುದು ಮಾಲೀಕರ ಕೆಲಸ. ಜಾಯಿಂಟ್ ಬಿಚ್ಚುವುದು, ಬಿಗಿಯುವುದು, ಪೈಪ್ ಬದಲಿಸುವುದು ಗ್ಯಾಸ್ ಕೆಲಸದ ತರಬೇತಿ ಪಡೆದ ತಂತ್ರಜ್ಞರ ಕೆಲಸ. ನೀರಿನ ಪೈಪ್ ಹಾಕುವವರು ಎಷ್ಟೇ ನುರಿತವರಾಗಿದ್ದರೂ ಈ ಕೆಲಸಕ್ಕೆ ಅವರನ್ನು ಕರೆಯಬೇಡಿ.

## ಈಗಲೇ ವಾಸನೆ ಬರುತ್ತಿದ್ದರೆ

ತಪಾಸಣೆಯ ಮಾತು ಆಮೇಲೆ. ಮೊದಲು ಸಿಲಿಂಡರ್ ಸಾಲಿನ ಮುಖ್ಯ ವಾಲ್ವ್ ಮುಚ್ಚಿ. ಅದರ ಸುತ್ತಲೇ ವಾಸನೆ ದಟ್ಟವಾಗಿದ್ದರೆ ಹತ್ತಿರ ಹೋಗಬೇಡಿ. ಉರಿಯುವ ಒಲೆ, ದೇವರ ಮುಂದಿನ ದೀಪ, ಅಗರಬತ್ತಿ ಎಲ್ಲವೂ ಆರಬೇಕು. ಲೈಟು, ಫ್ಯಾನು, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚುಗಳನ್ನು ಹಾಕಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಬಾಗಿಲು ಕಿಟಕಿ ತೆರೆದು, ಜನರನ್ನು ಬಾಗಿಲು ತಟ್ಟಿ ಕರೆದು ಹೊರಗೆ ಕಳಿಸಿ. ಕರೆಗಂಟೆ ಒತ್ತಬೇಡಿ. ಲಿಫ್ಟ್ ಬಳಸಬೇಡಿ.

ಹೊರಗೆ, ದೂರ ನಿಂತು 1906ಕ್ಕೆ ಕರೆ ಮಾಡಿ. ಇದು ಎಲ್‌ಪಿಜಿ ಸೋರಿಕೆಗೆಂದೇ ಹಗಲೂ ರಾತ್ರಿ ನಡೆಯುವ ಸಹಾಯವಾಣಿ. ಬೆಂಕಿ ಕಾಣಿಸಿದರೆ 101 ಅಥವಾ 112. ಸೋರುವ ಜಾಗದಲ್ಲೇ ಗ್ಯಾಸ್ ಹೊತ್ತಿಕೊಂಡಿದ್ದರೆ ಜ್ವಾಲೆ ಆರಿಸುವುದಕ್ಕಿಂತ ಮೊದಲು ಗ್ಯಾಸ್ ನಿಲ್ಲಿಸಬೇಕು. ಗ್ಯಾಸ್ ಬರುತ್ತಿರುವಾಗಲೇ ಬೆಂಕಿಯನ್ನಷ್ಟೇ ಆರಿಸಿದರೆ ಸುಡದ ಗ್ಯಾಸ್ ಸುತ್ತ ತುಂಬಿ, ಮುಂದಿನ ಕಿಡಿಗೆ ದೊಡ್ಡದಾಗಿ ಸಿಡಿಯುತ್ತದೆ.

## ಯಾವಾಗ ಮಾಡಬೇಕು

ವರ್ಷಕ್ಕೆ ಎರಡು ಸಲ: ಮೇ ಮೊದಲ ವಾರದೊಳಗೆ ಒಂದು, ಮಳೆ ಹಿಂದೆಗೆದ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು. ಒಂದೇ ಸಲ ಸಾಧ್ಯ ಎನ್ನುವವರಿಗೆ ನನ್ನ ಸಲಹೆ ಮೇ ತಿಂಗಳು. ಜೂನ್‌ನಿಂದ ಗಾಳಿಮಳೆಗೆ ಎಲ್ಲರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ, ಸಿಲಿಂಡರ್ ಕೋಣೆಗೂ ಪ್ಲಾಸ್ಟಿಕ್ ಹೊದಿಸುತ್ತಾರೆ. ಬೇಸಿಗೆಯಲ್ಲಿ ಗಾಳಿಗೆ ಹಾರಿಹೋಗುತ್ತಿದ್ದ ಸಣ್ಣ ಸೋರಿಕೆ ಮಳೆಗಾಲದಲ್ಲಿ ಒಳಗೇ ನಿಲ್ಲುತ್ತದೆ. ದುರಸ್ತಿಗೂ ಒಣ ದಿನಗಳೇ ಬೇಕು, ಒದ್ದೆ ಪೈಪಿಗೆ ಹಚ್ಚಿದ ಪ್ರೈಮರ್ ಹಿಡಿಯುವುದಿಲ್ಲ.

ಇದಲ್ಲದೆ ಕಟ್ಟಡಕ್ಕೆ ಬಣ್ಣ ಬಳಿಯುವ ಮುಂಚೆ, ಅಡುಗೆಮನೆಯ ಟೈಲ್ಸ್ ಬದಲಿಸಿದ ಮೇಲೆ, ಗೋಡೆಗೆ ಡ್ರಿಲ್ ಹಾಕಿ ಕಪಾಟು ಕೂರಿಸಿದ ಮೇಲೆ, ಬಾಡಿಗೆದಾರರು ಬದಲಾದಾಗ ಒಮ್ಮೆ ನೋಡಲೇಬೇಕು.

## ಬೇಕಾಗುವ ಸಾಮಾನು

ಸ್ಪ್ರೇ ಬಾಟಲಿ, ಒಂದು ಇಂಚಿನ ಬಣ್ಣದ ಬ್ರಷ್, ಪಾತ್ರೆ ತೊಳೆಯುವ ದ್ರವ ಸಾಬೂನು, ಕೈಗನ್ನಡಿ, ಟಾರ್ಚ್, ಹಳೆಯ ಹಲ್ಲುಜ್ಜುವ ಬ್ರಷ್, ಚೂಪು ಮಾಡಿದ ಮರದ ಕಡ್ಡಿ, ಸೀಮೆಸುಣ್ಣ, ಒಣಬಟ್ಟೆ, ಗಟ್ಟಿ ರಟ್ಟಿನ ನೋಟ್‌ಪುಸ್ತಕ. ಕೈಯಲ್ಲಿ ಹಿಡಿಯುವ ಗ್ಯಾಸ್ ಡಿಟೆಕ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ.

ಸಾಬೂನು ನೀರಿಗೆ ಕುಡಿಯುವ ನೀರನ್ನೇ ಬಳಸಿ. ಸಮುದ್ರದ ಹತ್ತಿರದ ಬಾವಿ, ಬೋರ್‌ವೆಲ್‌ಗಳಲ್ಲಿ ಉಪ್ಪು ಸೇರಿದ ನೀರು ಬರುವ ಕಡೆ ನೊರೆಯೇ ಸರಿಯಾಗಿ ಏಳುವುದಿಲ್ಲ. ನೊರೆ ಏಳದ ನೀರು ಹಚ್ಚಿ ‘ಗುಳ್ಳೆ ಬರಲಿಲ್ಲ’ ಎಂದರೆ ಅದು ತಪಾಸಣೆಯಲ್ಲ. ಬ್ಲೀಚ್ ಅಥವಾ ಅಮೋನಿಯಾ ಇರುವ ನೆಲ ತೊಳೆಯುವ ದ್ರಾವಣಗಳನ್ನು ಹತ್ತಿರ ತರಬೇಡಿ. ಅಮೋನಿಯಾ ತಗುಲಿದ ಹಿತ್ತಾಳೆಯ ವಾಲ್ವ್‌ಗಳು ಕಾಲಕ್ರಮದಲ್ಲಿ ಬಿರುಕು ಬಿಡುತ್ತವೆ.

ಸ್ಪ್ಯಾನರ್ ಮತ್ತು ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕೈಯಲ್ಲಿದ್ದರೆ ‘ಸ್ವಲ್ಪ ಬಿಗಿ ಮಾಡಿಬಿಡೋಣ’ ಎನಿಸುತ್ತದೆ. ತುಕ್ಕು ತಿಂದ ಥ್ರೆಡ್ಡನ್ನು ಬಿಗಿಯಲು ಹೋದಾಗಲೇ ಅದು ಮುರಿಯುವುದು.

## ಹಂತ 1: ಪೈಪಿನ ನಕ್ಷೆ ಬರೆಯಿರಿ

ಸಿಲಿಂಡರ್ ಕೋಣೆಯಿಂದ ಪ್ರತಿ ಒಲೆಯವರೆಗೆ ಪೈಪ್ ಎಲ್ಲೆಲ್ಲಿ ಸಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿ. ಚಂದ ಕಾಣಬೇಕಿಲ್ಲ. ವಾಲ್ವ್, ಬೆಂಡ್, ಟೀ (ಪೈಪ್ ಕವಲೊಡೆಯುವ ಜೋಡಣೆ), ಯೂನಿಯನ್ (ಬಿಚ್ಚಬಹುದಾದ ಜೋಡಣೆ), ಕ್ಲಾಂಪ್ ಇದ್ದಲ್ಲೆಲ್ಲ ಚುಕ್ಕಿ ಇಟ್ಟು ಸಂಖ್ಯೆ ಕೊಡಿ. ಗೋಡೆಯ ಮೇಲೂ ಅದೇ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆಯಿರಿ.

ಪೈಪ್ ಗೋಡೆಯೊಳಗೆ ಹೋಗಿ ಮಾಯವಾಗುವ ಜಾಗ, ಮತ್ತೆ ಹೊರಬರುವ ಜಾಗ, ಎರಡನ್ನೂ ಗುರುತು ಮಾಡಿ. ನಡುವಿನ ಆ ಭಾಗದಲ್ಲಿ ಜಾಯಿಂಟ್ ಇರಬಾರದು. ಇದೆಯೋ ಇಲ್ಲವೋ ಎಂಬುದು ಪೈಪ್ ಹಾಕಿದ ಗುತ್ತಿಗೆದಾರರಿಗೆ ಮಾತ್ರ ಗೊತ್ತಿರುತ್ತದೆ, ಈಗಲೇ ಕೇಳಿ ಬರೆದುಕೊಳ್ಳಿ. ಮನೆಮನೆಯ ವಾಲ್ವ್‌ಗಳನ್ನು ನಕ್ಷೆಯಲ್ಲಿ ಕಾಣಿಸುವುದು ಬಹಳ ಮುಖ್ಯ. ಎರಡನೇ ಮಹಡಿಯಲ್ಲಿ ವಾಸನೆ ಬಂದ ರಾತ್ರಿ ಯಾವ ವಾಲ್ವ್ ಯಾವ ಮನೆಯದು ಎಂದು ಹುಡುಕಲು ಸಮಯ ಇರುವುದಿಲ್ಲ.

## ಹಂತ 2: ಸಿಲಿಂಡರ್ ಕೋಣೆ

ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲೆ ಹೋಗದೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಮೊದಲು ನೋಡಬೇಕಾದದ್ದು ನೆಲಮಟ್ಟ.

ನೆಲಕ್ಕೆ ತಾಗಿದಂತೆ ಜಾಲರಿಯ ಕಿಂಡಿಗಳು ಇವೆಯೇ? ಇದ್ದರೆ ತೆರೆದಿವೆಯೇ? ಮಳೆಯ ಇರಚಲು ಬರುತ್ತದೆ ಎಂದು ಟಾರ್ಪಾಲಿನ್ ಕಟ್ಟಿ ಕೆಳಗಿನ ಕಿಂಡಿ ಮುಚ್ಚುವುದು ನಮ್ಮ ಕಡೆ ಪದೇ ಪದೇ ಕಾಣುವ ತಪ್ಪು. ಇರಚಲು ತಡೆಯಬೇಕಾದರೆ ಕಿಂಡಿಯ ಹೊರಗೆ ಓರೆಯಾದ ತಗಡು ಹಾಕಿಸಿ, ಕಿಂಡಿ ಮಾತ್ರ ತೆರೆದೇ ಇರಲಿ.

ಸುತ್ತ ಕಣ್ಣಾಡಿಸಿ. ಗಟಾರ, ಸಂಪ್, ಶೌಚಗುಂಡಿಯ ಮುಚ್ಚಳ, ತೆರೆದ ಬಾವಿ ಹತ್ತಿರ ಇದ್ದರೆ ಸೋರಿದ ಗ್ಯಾಸ್ ಅಲ್ಲೇ ಇಳಿದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಮರೆಯುವ ವಸ್ತು ನೀರಿನ ಪಂಪಿನ ಸ್ಟಾರ್ಟರ್. ಟ್ಯಾಂಕಿನ ನೀರು ಇಳಿದಾಗ ತಾನೇ ಚಾಲೂ ಆಗುವ ಪೆಟ್ಟಿಗೆಯನ್ನು ಜಾಗ ಉಳಿಸಲು ಸಿಲಿಂಡರ್ ಕೋಣೆಯ ಗೋಡೆಗೇ ಹೊಡೆದಿರುತ್ತಾರೆ. ಯಾರೂ ಸ್ವಿಚ್ ಮುಟ್ಟದ ನಡುರಾತ್ರಿಯಲ್ಲೂ ಅದು ಕಿಡಿ ಹಾರಿಸುತ್ತದೆ. ಅಂಥದ್ದು ಕಂಡರೆ ಈ ಪಟ್ಟಿಯಲ್ಲಿ ಮೊದಲ ದುರಸ್ತಿ ಅದೇ ಆಗಲಿ.

ಸಿಲಿಂಡರ್‌ಗಳು ನೆಟ್ಟಗೆ, ಒಣ ಕಟ್ಟೆಯ ಮೇಲೆ ನಿಂತಿರಬೇಕು. ಒದ್ದೆ ನೆಲದಲ್ಲಿಟ್ಟರೆ ಕೆಳಗಿನ ಬಳೆ ಮೊದಲು ತುಕ್ಕು ಹಿಡಿಯುತ್ತದೆ. ಗ್ಯಾಸ್ ಕಡಿಮೆ ಬರುತ್ತಿದೆ ಎಂದು ಸಿಲಿಂಡರ್ ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುವಂಥದ್ದು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಮುಂದಿನ ಪರೀಕ್ಷೆಯ ಗಡುವು ಬರೆದಿರುತ್ತದೆ: ಎ, ಬಿ, ಸಿ, ಡಿ ಎಂಬ ಅಕ್ಷರ ವರ್ಷದ ನಾಲ್ಕು ತ್ರೈಮಾಸಿಕಗಳನ್ನು, ಪಕ್ಕದ ಎರಡು ಅಂಕಿ ವರ್ಷವನ್ನು ಸೂಚಿಸುತ್ತವೆ. ‘ಬಿ 27’ ಎಂದಿದ್ದರೆ 2027ರ ಜೂನ್‌ವರೆಗೆ. ಗಡುವು ದಾಟಿದ ಸಿಲಿಂಡರನ್ನು ಇಳಿಸಿಕೊಳ್ಳಬೇಡಿ.

ಎಷ್ಟು ಗ್ಯಾಸ್ ಇಟ್ಟಿದ್ದೀರಿ ಎಂಬ ಲೆಕ್ಕವೂ ಬೇಕು. ಒಟ್ಟು 100 ಕೆ.ಜಿ. ಮೀರಿದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಪರವಾನಗಿ ಬೇಕಾಗುತ್ತದೆ. 19 ಕೆ.ಜಿ.ಯ ಐದು ಸಿಲಿಂಡರ್ ಎಂದರೆ 95 ಕೆ.ಜಿ., ಆರನೆಯದು ಬಂದ ಕೂಡಲೇ ಮಿತಿ ದಾಟಿತು. ಚೌತಿಗೋ ಮದುವೆಗೋ ‘ಒಂದೆರಡು ಹೆಚ್ಚಿಗೆ ಇರಲಿ’ ಎಂದು ತಂದಿಟ್ಟದ್ದೂ ಈ ಲೆಕ್ಕಕ್ಕೆ ಸೇರುತ್ತದೆ.

ಹಳೆಯ ಬಲೆ, ತೆಂಗಿನ ಸಿಪ್ಪೆ, ಸ್ಕೂಟರ್, ಬಣ್ಣದ ಡಬ್ಬಿ, ಏನೇ ಇದ್ದರೂ ಆ ಕೋಣೆಯಿಂದ ಹೊರಗೆ. ಬಾಗಿಲ ಬಳಿ ಒಣಪುಡಿಯ ಅಗ್ನಿಶಾಮಕ ಇರಲಿ, ಅದರ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿ ಇದೆಯೇ ನೋಡಿ.

## ಹಂತ 3: ಜೋಡುಕೊಳವೆ ಮತ್ತು ರೆಗ್ಯುಲೇಟರ್

ಸಿಲಿಂಡರಿನಿಂದ ಮುಖ್ಯ ಪೈಪಿಗೆ ಹೋಗುವ ಗಿಡ್ಡ ರಬ್ಬರ್ ಕೊಳವೆಗಳನ್ನು ಕೈಯಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಬಾಗಿದ ಕಡೆ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದರೆ ಬದಲಿಸಬೇಕು. ಈ ಕೊಳವೆಗಳು ರೆಗ್ಯುಲೇಟರಿಗಿಂತ ಹಿಂದಿವೆ, ಇವುಗಳಲ್ಲಿ ಇರುವುದು ಸಿಲಿಂಡರಿನ ಪೂರ್ಣ ಒತ್ತಡ. ಅಡುಗೆಮನೆಯ ಕೊಳವೆಗಿಂತ ಇವುಗಳ ಸೋರಿಕೆ ಎಷ್ಟೋ ಪಟ್ಟು ಜೋರು.

ರೆಗ್ಯುಲೇಟರಿನಲ್ಲಿ ಉಸಿರಾಟದ ಸಣ್ಣ ರಂಧ್ರ ಒಂದಿರುತ್ತದೆ. ಅದನ್ನು ಕನ್ನಡಿ ಹಿಡಿದು ನೋಡಬೇಕು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಇಂಥ ರಂಧ್ರವೆಂದರೆ ಇಷ್ಟ. ಬೆರಳ ತುದಿಯಷ್ಟು ಒದ್ದೆ ಮಣ್ಣು ತಂದು ಮುಚ್ಚಿ, ಒಳಗೆ ಮೊಟ್ಟೆ ಇಟ್ಟು ಹೋಗುತ್ತವೆ. ರಂಧ್ರ ಮುಚ್ಚಿದರೆ ಒಳಗಿನ ಪೊರೆ ಸರಾಗವಾಗಿ ಆಡದೆ ಒತ್ತಡ ಹತೋಟಿ ತಪ್ಪುತ್ತದೆ. ಒಲೆಯಲ್ಲಿ ಜ್ವಾಲೆ ಒಮ್ಮೆ ಏರಿ ಒಮ್ಮೆ ಕುಗ್ಗುವುದು ಇದರ ಲಕ್ಷಣ. ಪಿನ್ನು ಹಾಕಿ ಕೆದಕಬೇಡಿ, ಪೊರೆ ತೂತಾಗುತ್ತದೆ. ತಂತ್ರಜ್ಞರಿಂದ ಸ್ವಚ್ಛ ಮಾಡಿಸಿ. ರಂಧ್ರದ ಬಾಯಿ ಕೆಳಮುಖವಾಗಿದ್ದರೆ ಮಳೆನೀರು ಒಳಗೆ ಹೋಗುವುದಿಲ್ಲ.

## ಹಂತ 4: ಗೋಡೆಯ ಮೇಲಿನ ಪೈಪ್

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಬೆಳಗಿನ ಓರೆ ಬಿಸಿಲಿನಲ್ಲಿ, ಒಣ ಪೈಪನ್ನು, ಬಣ್ಣ ಬಳಿಯುವ ಮುಂಚೆ ನೋಡಿ.

ಮಳೆ ನೇರವಾಗಿ ಹೊಡೆಯುವ ಗೋಡೆಯಲ್ಲೇ ತುಕ್ಕು ಹೆಚ್ಚು ಎಂದು ಎಲ್ಲರೂ ಊಹಿಸುತ್ತಾರೆ. ಕಡಲ ದಂಡೆಯಲ್ಲಿ ಬಹುತೇಕ ಅದು ತಲೆಕೆಳಗು. ಗಾಳಿ ಹೊತ್ತು ತಂದ ಉಪ್ಪನ್ನು ಜೋರು ಮಳೆ ತೊಳೆದುಬಿಡುತ್ತದೆ. ಸಜ್ಜಾದ ಅಡಿ, ಬಾಲ್ಕನಿಯ ಕೆಳಗೆ, ಪೈಪಿನ ಗೋಡೆಯ ಕಡೆಯ ಬೆನ್ನು, ಕ್ಲಾಂಪಿನ ಒಳಗೆ, ಅಂದರೆ ಮಳೆ ತಲುಪದ ಕಡೆಗಳಲ್ಲಿ ಉಪ್ಪು ಕೂತೇ ಇರುತ್ತದೆ, ಗಾಳಿಯ ತೇವ ಹೀರಿ ಲೋಹವನ್ನು ತಿನ್ನುತ್ತದೆ. ಸಮುದ್ರದತ್ತ ಮುಖ ಮಾಡಿದ ಒಂದು ಕಟ್ಟಡದಲ್ಲಿ ಮುಂಭಾಗದ ಪೈಪ್ ಹೊಸದರಂತೆ ಹೊಳೆಯುತ್ತಿತ್ತು. ಅದೇ ಪೈಪ್ ಎರಡನೇ ಮಹಡಿಯ ಸಜ್ಜಾದಡಿ ಹಾಯುವಲ್ಲಿ, ಕ್ಲಾಂಪಿನ ತಿರುಪು ಬಿಚ್ಚಿದಾಗ, ಹಳದಿ ಬಣ್ಣ ಹಪ್ಪಳದಂತೆ ಎದ್ದು ಬಂತು. ಅಡಿಯಲ್ಲಿ ಕಂದು ಪದರಗಳು ಒಂದರ ಮೇಲೊಂದು ಕೂತಿದ್ದವು, ಮರದ ಕಡ್ಡಿ ತಾಗಿಸಿದರೆ ಉದುರುತ್ತಿದ್ದವು.

ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಮೇಲೆ ಬಿಳಿ ಪುಡಿ ಕಂಡರೆ ಸತುವಿನ ಲೇಪ ಕರಗತೊಡಗಿದೆ ಎಂದರ್ಥ. ಇದು ಮೊದಲ ಎಚ್ಚರಿಕೆ, ತೊಳೆದು ಒಣಗಿಸಿ ಬಣ್ಣ ಹಚ್ಚಿದರೆ ಉಳಿಯುತ್ತದೆ. ಕೆಂಪು ತೆಳು ತುಕ್ಕು ಬಂದಿದ್ದರೆ ಲೇಪ ಮುಗಿದಿದೆ, ಈ ಬೇಸಿಗೆಯಲ್ಲೇ ಕೆಲಸ ಆಗಬೇಕು. ಪದರು ಪದರಾಗಿ ಏಳುವ ತುಕ್ಕು, ಗುಳಿ ಬಿದ್ದ ಮೈ, ಬೆರಳಾಡಿಸಿದರೆ ಏರುಪೇರು ತಿಳಿಯುವ ಥ್ರೆಡ್ ಇದ್ದರೆ ಆ ಭಾಗ ಬದಲಿಸಬೇಕು. ಬಣ್ಣ ಅದಕ್ಕೆ ಮದ್ದಲ್ಲ. ಬಣ್ಣದ ಮೇಲಿನ ಗುಳ್ಳೆಯನ್ನು ಕಡ್ಡಿಯಿಂದ ಚುಚ್ಚಿ ಒಳಗೇನಿದೆ ನೋಡದೆ ಮುಂದೆ ಹೋಗಬೇಡಿ.

ಎರಡು ಬೇರೆ ಲೋಹಗಳು ಕೂಡುವ ಜಾಗಗಳಿಗೆ ಪುಸ್ತಕದಲ್ಲಿ ಬೇರೆ ಗುರುತು ಹಾಕಿ. ಹಿತ್ತಾಳೆಯ ವಾಲ್ವ್ ಜಿಐ ಪೈಪಿಗೆ ಸೇರುವಲ್ಲಿ ಉಪ್ಪಿನ ತೇವ ಇದ್ದರೆ ಜಿಐ ಬೇಗ ಸವೆಯುತ್ತದೆ. ತಾಮ್ರದ ಪೈಪಿಗೆ ಬರಿ ಕಬ್ಬಿಣದ ಕ್ಲಾಂಪ್ ಹಾಕಿದ್ದರೆ ಕ್ಲಾಂಪ್ ತಿಂದುಹೋಗಿ ಪೈಪ್ ಜೋತುಬೀಳುತ್ತದೆ. ನಡುವೆ ರಬ್ಬರ್ ಪಟ್ಟಿ ಇರಬೇಕು. ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿಸುವುದಾದರೆ ದಂಡೆಯ ಹತ್ತಿರದ ಕಟ್ಟಡಕ್ಕೆ 304ಕ್ಕಿಂತ 316 ದರ್ಜೆ ಬಾಳಿಕೆ ಬರುತ್ತದೆ, ಹೆಚ್ಚಿನ ದುಡ್ಡಿಗೆ ಬೆಲೆಯಿದೆ.

ಪೈಪಿಗೆ ಏನೇನು ಕಟ್ಟಿದ್ದಾರೆ ಎಂಬುದನ್ನೂ ನೋಡಿ. ಬಟ್ಟೆ ಒಣಗಿಸುವ ಹಗ್ಗ, ಟಿವಿ ಕೇಬಲ್, ಬಳ್ಳಿ ಗಿಡ ಎಲ್ಲ ಬಿಚ್ಚಿಸಿ. ಇನ್ವರ್ಟರ್, ಫ್ರಿಜ್‌ಗಳ ಅರ್ಥಿಂಗ್ ತಂತಿಯನ್ನು ಗ್ಯಾಸ್ ಪೈಪಿಗೆ ಸುತ್ತಿದ್ದು ಕಂಡರೆ ಅದೇ ದಿನ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

## ಹಂತ 5: ಗೋಡೆ ದಾಟುವ ಜಾಗ

ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಅದರೊಳಗೆ ಪೈಪನ್ನು ನೇರವಾಗಿ ಸಿಮೆಂಟಿನಲ್ಲಿ ಕೂರಿಸಿದ್ದರೆ ಹೊರಗಿನಿಂದ ಕಾಣದಂತೆ ಕೊಳೆಯುತ್ತದೆ. ಗೋಡೆ ದಾಟುವಲ್ಲಿ ಪೈಪಿನ ಸುತ್ತ ದೊಡ್ಡ ಕೊಳವೆಯ ತೋಳು, ಅಂದರೆ ಸ್ಲೀವ್ ಇರಬೇಕು. ನಡುವಿನ ಸಂದಿಯನ್ನು ಮೆತ್ತಗಿನ ಸೀಲಂಟ್‌ನಿಂದ ಮುಚ್ಚಿರಬೇಕು, ಸಿಮೆಂಟಿನಿಂದಲ್ಲ.

ಸ್ಲೀವ್ ಇಲ್ಲ ಎಂದಾದರೆ ಎರಡೂ ಬದಿಯಲ್ಲಿ ಗಾರೆಯನ್ನು ಒಂದಿಂಚು ಕೆದರಿಸಿ ಪೈಪಿನ ಮೈ ನೋಡಿಸಿ. ಗೋಡೆಯ ಮೇಲೆ ಪೈಪಿನ ಸುತ್ತ ಕಂದು ನೀರಿನ ಕಲೆ ಇಳಿದಿದ್ದರೆ ಕಾಯಬೇಡಿ, ಆ ತುಂಡನ್ನು ಬದಲಿಸಿ ಸ್ಲೀವ್ ಹಾಕಿಸಿ.

## ಹಂತ 6: ಸಾಬೂನು ನೀರಿನ ಪರೀಕ್ಷೆ

ಕಣ್ಣಿನ ನೋಟ ಮುಗಿದ ಮೇಲೆ ಮಾತ್ರ ಇದು. ಎಲ್ಲ ಒಲೆಗಳೂ ಬಂದ್, ಗ್ಯಾಸ್ ಚಾಲೂ, ಪೈಪಿನಲ್ಲಿ ಒತ್ತಡ ಇರಬೇಕು. ಮುಖ್ಯ ವಾಲ್ವ್ ಮುಚ್ಚಿಟ್ಟು ಸಾಬೂನು ಹಚ್ಚಿದರೆ ಗುಳ್ಳೆ ಎಲ್ಲಿಂದ ಬರಬೇಕು? ಹೀಗೆ ಮಾಡುವವರು ಕಡಿಮೆಯಿಲ್ಲ.

ಸಿಲಿಂಡರಿನ ಕಡೆಯಿಂದ ಶುರು ಮಾಡಿ, ನಕ್ಷೆಯ ಸಂಖ್ಯೆಯ ಪ್ರಕಾರ ಮೇಲೆ ಹೋಗಿ. ಬ್ರಷ್‌ನಿಂದ ಜಾಯಿಂಟಿನ ಸುತ್ತಲೂ, ಹಿಂಬದಿಯೂ ಸೇರಿ, ಧಾರಾಳವಾಗಿ ಹಚ್ಚಿ. ಹಚ್ಚುವಾಗ ಏಳುವ ನೊರೆ ತಾನೇ ಇಳಿಯುತ್ತದೆ. ಸೋರಿಕೆಯ ಗುಳ್ಳೆ ಒಡೆದ ಜಾಗದಲ್ಲೇ ಮತ್ತೆ ಹುಟ್ಟುತ್ತದೆ, ಅದೇ ವ್ಯತ್ಯಾಸ. ಒಂದೊಂದು ಜಾಯಿಂಟಿಗೂ ಪೂರ್ತಿ ಒಂದು ನಿಮಿಷ ಕೊಡಿ. ಸಣ್ಣ ಸೋರಿಕೆಯಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ನಿಧಾನವಾಗಿ ಬಿಳಿ ಗುಂಪಾಗುತ್ತವೆ, ಅವಸರದ ಕಣ್ಣಿಗೆ ಸಿಗುವುದಿಲ್ಲ. ಮಧ್ಯಾಹ್ನದ ಕಡಲಗಾಳಿ ನೊರೆಯನ್ನು ಹಾರಿಸಿಬಿಡುತ್ತದೆ, ಬೆಳಗ್ಗೆಯೇ ಮುಗಿಸಿ ಅಥವಾ ರಟ್ಟು ಅಡ್ಡ ಹಿಡಿಯಿರಿ.

ಜಾಯಿಂಟ್ ಮಾತ್ರವಲ್ಲ, ವಾಲ್ವಿನ ಹಿಡಿಕೆಯ ಬುಡ, ಗೇಜಿನ ಕುತ್ತಿಗೆ, ಮುಚ್ಚಿಟ್ಟ ಪೈಪ್ ತುದಿಯ ಬಿರಡೆ ಇವುಗಳಿಗೂ ಹಚ್ಚಬೇಕು. ಸೋರಿದ ಜಾಗಕ್ಕೆ ಸಂಖ್ಯೆಯ ಪಕ್ಕ ಅಡ್ಡಗುರುತು ಹಾಕಿ, ಆ ಸಾಲಿನ ವಾಲ್ವ್ ಮುಚ್ಚಿ, ತಂತ್ರಜ್ಞರನ್ನು ಕರೆಯಿರಿ. ಎಂ-ಸೀಲ್, ಟೇಪ್, ಸಾಬೂನಿನ ಮುದ್ದೆ ಮೆತ್ತುವುದು ದುರಸ್ತಿಯಲ್ಲ. ಬೆಂಕಿಕಡ್ಡಿ ಹಿಡಿದು ನೋಡುವ ಅಭ್ಯಾಸ ಇನ್ನೂ ಇರುವವರು ಇಂದೇ ಬಿಡಬೇಕು.

ಕೊನೆಗೆ ಸಿಹಿನೀರಿನಿಂದ ತೊಳೆದು ಒರೆಸಿ. ಉಳಿದ ಸಾಬೂನು ತೇವ ಹಿಡಿದಿಟ್ಟು ತುಕ್ಕಿಗೆ ಜಾಗ ಮಾಡಿಕೊಡುತ್ತದೆ.

ಮೂಗನ್ನು ಮಾತ್ರ ನಂಬಿ ಕೂರಬೇಡಿ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಒಳಗೆ ತುಕ್ಕು ಹಿಡಿದ ಕಬ್ಬಿಣದ ಪೈಪಿನಲ್ಲಿ ಆ ವಾಸನೆ ಮಂಕಾಗಬಹುದು. ನೆಗಡಿಯಾದವರಿಗೆ, ವಯಸ್ಸಾದವರಿಗೆ ತಿಳಿಯದೆಯೂ ಹೋಗಬಹುದು.

## ಹಂತ 7: ಒತ್ತಡ ನಿಲ್ಲುತ್ತದೆಯೇ?

ಗೋಡೆಯೊಳಗಿನ ಸೋರಿಕೆಯನ್ನು ಸಾಬೂನು ತೋರಿಸುವುದಿಲ್ಲ. ಅದಕ್ಕೆ ಒತ್ತಡದ ಪರೀಕ್ಷೆ ಬೇಕು, ಮಾಡುವವರು ತಂತ್ರಜ್ಞರು. ಆದರೆ ಏನು ಕೇಳಬೇಕು ಎಂಬುದು ಮಾಲೀಕರಿಗೆ ಗೊತ್ತಿದ್ದರೆ ಮಾತ್ರ ಪರೀಕ್ಷೆ ಸರಿಯಾಗಿ ಆಗುತ್ತದೆ.

ಯಾವ ಗೇಜ್ ತಂದಿದ್ದಾರೆ ನೋಡಿ. ಒಲೆಗೆ ಬರುವ ಗ್ಯಾಸಿನ ಒತ್ತಡ ಸುಮಾರು 30 ಮಿಲಿಬಾರ್, ಅಂದರೆ ಸುಮಾರು 30 ಸೆಂ.ಮೀ. ನೀರಿನ ಎತ್ತರದಷ್ಟು. ಚದರ ಸೆಂ.ಮೀ.ಗೆ ಹತ್ತು ಕಿಲೋ ಒತ್ತಡದವರೆಗಿನ ಗೇಜಿನಲ್ಲಿ ಇಷ್ಟು ಒತ್ತಡ ಪೂರ್ತಿ ಸೋರಿಹೋದರೂ ಮುಳ್ಳು ಅಲುಗಿದ್ದು ಕಾಣುವುದಿಲ್ಲ. ಕಡಿಮೆ ಒತ್ತಡಕ್ಕೆ ನೀರು ತುಂಬಿದ ಯು ಆಕಾರದ ಮ್ಯಾನೋಮೀಟರ್ ಅಥವಾ ಮಿಲಿಬಾರ್ ತೋರಿಸುವ ಗೇಜ್ ಬೇಕೆಂದು ಹೇಳಿ. ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುವುದಾದರೆ ಒಲೆ ಮತ್ತು ರೆಗ್ಯುಲೇಟರುಗಳನ್ನು ಬೇರ್ಪಡಿಸಿರಬೇಕು, ಇಲ್ಲದಿದ್ದರೆ ಅವು ಕೆಡುತ್ತವೆ. ತುಂಬುವುದು ಗಾಳಿ ಅಥವಾ ನೈಟ್ರೋಜನ್. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದರೆ ವಾಪಸ್ ಕಳಿಸಿ. ಗ್ಯಾಸ್ ಉಳಿದ ಪೈಪಿಗೆ ಆಕ್ಸಿಜನ್ ಸೇರಿಸುವುದು ಸ್ಫೋಟಕ್ಕೆ ದಾರಿ.

ಇನ್ನು ಹೊತ್ತು. ಮುಚ್ಚಿದ ಪೈಪಿನೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಒತ್ತಡ ಸುಮಾರು 3.4 ಮಿಲಿಬಾರ್ ಇಳಿಯುತ್ತದೆ, ನೀರಿನ ಲೆಕ್ಕದಲ್ಲಿ ಮೂರೂವರೆ ಸೆಂ.ಮೀ. ಬಿಸಿಲಿನಲ್ಲಿದ್ದ ಪೈಪಿನ ಮೇಲೆ ಮೋಡದ ನೆರಳು ಬಿದ್ದರೂ ಸೋರಿದಂತೆ ತೋರುತ್ತದೆ. ಬಿಸಿಲು ಏರುವಾಗ ಮಾಡಿದರೆ ಇನ್ನೂ ಅಪಾಯ: ನಿಜವಾದ ಸೋರಿಕೆಯನ್ನು ಬಿಸಿ ಮುಚ್ಚಿಹಾಕುತ್ತದೆ. ಸೂರ್ಯ ಏಳುವ ಮುಂಚೆ ಅಥವಾ ಪೂರ್ತಿ ನೆರಳು ಬಂದ ಮೇಲೆ ಮಾಡಿಸಿ. ಅರ್ಧ ಗಂಟೆಗಿಂತ ಕಡಿಮೆ ನಿಲ್ಲಿಸಿದ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಆರಂಭದ ಓದು, ಕೊನೆಯ ಓದು, ಎರಡೂ ಹೊತ್ತು ಪುಸ್ತಕಕ್ಕೆ ಬರಲಿ.

## ಹಂತ 8: ಅಡುಗೆಮನೆಗಳು

ಬಾಡಿಗೆದಾರರಿಗೆ ಎರಡು ದಿನ ಮುಂಚೆ ತಿಳಿಸಿ, ಒಬ್ಬರು ಮನೆಯಲ್ಲಿರುವಾಗ ಹೋಗಿ. ಮೊದಲು ಅವರಿಗೆ ವಾಲ್ವ್ ಎಲ್ಲಿದೆ ಗೊತ್ತೇ ಎಂದು ಕೇಳಿ, ಮುಚ್ಚಿ ತೋರಿಸಲು ಹೇಳಿ. ಡಬ್ಬಿಗಳ ಹಿಂದೆ ಅಡಗಿದ ವಾಲ್ವ್ ಇದ್ದೂ ಇಲ್ಲದಂತೆ.

ರಬ್ಬರ್ ಕೊಳವೆ ಐಎಸ್‌ಐ ಗುರುತಿನ ಸುರಕ್ಷಾ ಹೋಸ್ ಆಗಿರಬೇಕು, ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ನಡುವೆ ಜೋಡಣೆ ಇರಬಾರದು. ಮೈಮೇಲೆ ಮುದ್ರಿಸಿದ ತಿಂಗಳು ವರ್ಷ ಓದಿ. ಐದು ವರ್ಷ ಆಗಿದ್ದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ. ಕೊಳವೆಗೆ ಬಟ್ಟೆ, ಪ್ಲಾಸ್ಟಿಕ್ ಹೊದಿಕೆ ತೊಡಿಸಿದ್ದರೆ ತೆಗೆಸಿ. ಇಲಿ, ಹೆಗ್ಗಣ ಕಚ್ಚಿದ್ದು ಅದರಡಿ ಕಾಣುವುದೇ ಇಲ್ಲ.

ಒಲೆ ಹಚ್ಚಿ ಜ್ವಾಲೆ ನೋಡಿ. ನೀಲಿ, ನಿಂತ ಜ್ವಾಲೆ ಸರಿ. ದಂಡೆಯ ಮನೆಗಳಲ್ಲಿ ನೀಲಿಯ ನಡುವೆ ಆಗಾಗ ಕಿತ್ತಳೆ ಕಿಡಿಗಳು ಮಿನುಗುವುದುಂಟು, ಅದು ಗಾಳಿಯ ಉಪ್ಪು ಉರಿಯುವ ಬಣ್ಣ, ಗಾಬರಿ ಬೇಡ. ಜ್ವಾಲೆಯ ತುದಿಯೇ ಉದ್ದಕ್ಕೆ ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಸರಿಯಾಗಿ ಉರಿಯುತ್ತಿಲ್ಲ.

ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೇ ಇದ್ದರೆ ಹೊರಗೆ ಹಾಕಿಸುವವರೆಗೆ ಬಳಕೆ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಅದು ಉಂಟುಮಾಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದರೆ ಕೂಗಲೂ ಆಗುವುದಿಲ್ಲ. ಈ ವಿಷಯದಲ್ಲಿ ಬಾಡಿಗೆದಾರರ ಬೇಸರಕ್ಕೆ ಹೆದರಬೇಡಿ.

ಗ್ಯಾಸ್ ಡಿಟೆಕ್ಟರ್ ಇದ್ದರೆ ಎಲ್ಲಿ ಹೊಡೆದಿದ್ದಾರೆ ನೋಡಿ. ಎಲ್‌ಪಿಜಿಗೆ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ಮುಂದೆ ಕೊಳವೆಯ ನೈಸರ್ಗಿಕ ಅನಿಲ ಬಂದ ಮನೆಯಲ್ಲಿ ಲೆಕ್ಕ ತಿರುಗಿ, ಸೂರಿನ ಹತ್ತಿರ ಇರಬೇಕಾಗುತ್ತದೆ, ಅದು ಗಾಳಿಗಿಂತ ಹಗುರ.

ಮುಂಬೈ, ಗೋವಾ, ಕೊಲ್ಲಿ ದೇಶಗಳಲ್ಲಿ ಇರುವವರ ಬೀಗ ಹಾಕಿದ ಮನೆಗಳು ನಮ್ಮ ಪೇಟೆಗಳಲ್ಲಿ ಬಹಳ. ಅವುಗಳ ಗ್ಯಾಸನ್ನು ಮನೆಯ ಹೊರಗಿನ ವಾಲ್ವಿನಲ್ಲೇ ಮುಚ್ಚಿ, ಹಿಡಿಕೆಗೆ ಚೀಟಿ ಕಟ್ಟಿ. ಹೊರಗೆ ವಾಲ್ವ್ ಇಲ್ಲದಿದ್ದರೆ ಹಾಕಿಸಿ. ಒಳಗಿನ ಪರೀಕ್ಷೆ ಮುಗಿಯದೆ ಅವರಿಗೆ ಗ್ಯಾಸ್ ತೆರೆಯಬೇಡಿ.

## ಶಿರಸಿ ಕಡೆಯವರಿಗೆ

ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ತೇವದ್ದು ಇದೆ. 4 ಮತ್ತು 5ನೇ ಹಂತಗಳಲ್ಲಿ ಗೋಡೆಯ ಒಳಭಾಗಕ್ಕೆ ಹೆಚ್ಚು ಗಮನ ಕೊಡಿ. ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಆ ಪೈಪನ್ನೂ ಎಲ್‌ಪಿಜಿ ಪೈಪನ್ನೂ ಎಲ್ಲೂ ಸೇರಿಸಬಾರದು. ಗೋಬರ್ ಗ್ಯಾಸಿನ ಹೈಡ್ರೋಜನ್ ಸಲ್ಫೈಡ್ ತಾಮ್ರ ಹಿತ್ತಾಳೆಗಳನ್ನು ಕಪ್ಪಾಗಿಸಿ ತಿನ್ನುತ್ತದೆ, ಪೈಪಿನ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ನೀರು ಬಸಿಯುವ ಬಿರಡೆಯನ್ನು ಮಳೆಗಾಲದಲ್ಲಿ ಆಗಾಗ ತೆರೆದು ಖಾಲಿ ಮಾಡಬೇಕು, ಅದೂ ಒಲೆ ಆರಿಸಿ, ಕಿಟಕಿ ತೆರೆದಿಟ್ಟು.

## ಹಂತ 9: ದುರಸ್ತಿ, ಮರುಪರೀಕ್ಷೆ, ದಾಖಲೆ

ಕಂಡದ್ದನ್ನೆಲ್ಲ ಮೂರು ಪಾಲು ಮಾಡಿ. ಸೋರಿಕೆ, ಪದರೆದ್ದ ತುಕ್ಕು, ಗಡುವು ದಾಟಿದ ಕೊಳವೆ, ಸಿಲಿಂಡರ್ ಪಕ್ಕದ ಸ್ಟಾರ್ಟರ್, ಬಚ್ಚಲೊಳಗಿನ ಗೀಸರ್ ಇವು ಇಂದಿನ ಕೆಲಸ, ಮುಗಿಯುವವರೆಗೆ ಆ ಸಾಲಿಗೆ ಗ್ಯಾಸ್ ಇಲ್ಲ. ಕೆಂಪು ತುಕ್ಕು, ಸ್ಲೀವ್ ಇಲ್ಲದ ಗೋಡೆ, ಸಡಿಲ ಕ್ಲಾಂಪ್ ಮಳೆ ಹಿಡಿಯುವುದರೊಳಗೆ. ಬಿಳಿ ಪುಡಿ, ಮಾಸಿದ ಬಣ್ಣ ತಿಂಗಳೊಳಗೆ.

ದುರಸ್ತಿಯಾದ ಜಾಗವನ್ನು ಮತ್ತೆ ಸಾಬೂನು ನೀರಿನಿಂದ, ಪೈಪ್ ಕತ್ತರಿಸಿ ಜೋಡಿಸಿದ್ದರೆ ಒತ್ತಡದಿಂದಲೂ ಪರೀಕ್ಷಿಸಬೇಕು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಹೊಸ ಬಣ್ಣ ತೆಳು ಸೋರಿಕೆಯನ್ನು ಕೆಲ ದಿನ ಮುಚ್ಚಿಡಬಲ್ಲದು.

ಗ್ಯಾಸ್ ಏಜೆನ್ಸಿಯ ಕಡೆಯಿಂದ ಐದು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯ ಚೀಟಿಯನ್ನು ಪ್ರತಿ ಮನೆಯವರಿಂದ ಕೇಳಿ ಪಡೆದು ಪುಸ್ತಕಕ್ಕೆ ಅಂಟಿಸಿ. ಅದು ನಿಮ್ಮ ತಪಾಸಣೆಯ ಬದಲಿಗಲ್ಲ, ಜತೆಗೆ. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರಿಗಾಗಿ ಅಪಘಾತ ವಿಮೆ ಇಟ್ಟಿರುತ್ತವೆ. ಅವಘಡವಾದರೆ ಉಪಕರಣಗಳು ಐಎಸ್‌ಐ ಗುರುತಿನವೇ, ತಪಾಸಣೆ ಆಗಿತ್ತೇ ಎಂಬ ಪ್ರಶ್ನೆ ಬಂದಾಗ ಈ ಪುಸ್ತಕ ಬೇಕಾಗುತ್ತದೆ.

ಪುಸ್ತಕದ ಪ್ರತಿ ಸಾಲಿನಲ್ಲಿ ದಿನಾಂಕ, ಜಾಯಿಂಟಿನ ಸಂಖ್ಯೆ, ಕಂಡದ್ದು, ಮಾಡಿದವರ ಹೆಸರು ಮತ್ತು ಸಹಿ, ಹಾಕಿದ ಹೊಸ ಸಾಮಾನು ಇರಲಿ. ನಕ್ಷೆಯ ಒಂದು ಪ್ರತಿಯನ್ನು ಸಿಲಿಂಡರ್ ಕೋಣೆಯ ಬಾಗಿಲ ಹೊರಗೆ ಪ್ಲಾಸ್ಟಿಕ್ ಹಾಕಿ ಅಂಟಿಸಿ, ಅದರ ಮೇಲೆ 1906 ಮತ್ತು ಏಜೆನ್ಸಿಯ ಸಂಖ್ಯೆಯನ್ನು ಕತ್ತಲೆಯಲ್ಲೂ ಟಾರ್ಚಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಯಿರಿ. ಇನ್ನೊಂದು ಪ್ರತಿ ಮೇಲಿನ ಮಹಡಿಯ ಯಾರಾದರೊಬ್ಬರ ಮನೆಯಲ್ಲಿರಲಿ.